ಚಿಕ್ಕ ಜಂಪಿಗೇ ಜಾಸ್ತಿ ಲೆಕ್ಕ ಬೇಕು

(ಮಿನಿಯಾಪೊಲಿಸ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳು ಚಳಿಗಾಲದ ಶುರುವಿನಲ್ಲಿ ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಅಂದು ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ರೇಕ್ ಅನ್ನು ಬೇಕಂತಲೇ ತಂದಿದ್ದೇನೆ. ಒಂದು ಅಂಚಿನಲ್ಲಿ ಹಲ್ಲು, ಇನ್ನೊಂದು ಅಂಚು ಚಪ್ಪಟೆ. ಹಳ್ಳಿಯಲ್ಲಿ ಬೆಳೆದವರಿಗೆ ಹಲುಬೆ ನೆನಪಾಗಬಹುದು. ಚಳಿಗಾಲದಲ್ಲಿ ವಾರಕ್ಕೆ ಮೂರು ರಾತ್ರಿ ನಾನು ಇದನ್ನು ಹಿಡಿದು ಹಿಮದ ದಿಬ್ಬ ಸವರುತ್ತೇನೆ. ಹಗಲು ಸಿವಿಲ್ ಇಂಜಿನಿಯರ್ ಕೆಲಸ. ರಾತ್ರಿ ಇಲ್ಲಿಂದ ಮುಕ್ಕಾಲು ಗಂಟೆ ದೂರದ ಒಂದು ಚಿಕ್ಕ ಸ್ಕೀ ಗುಡ್ಡದಲ್ಲಿ ಪಾರ್ಕ್ ಕ್ರೂ, ಅಂದರೆ ಹಾರಲು ಹಿಮದ ಜಂಪ್ ಕಟ್ಟಿ ತಿದ್ದುವ ತಂಡದಲ್ಲಿ ಕೆಲಸ. ಐದು ವರ್ಷದಿಂದ ಹೀಗೇ ನಡೆದಿದೆ.

ನಿಮ್ಮಲ್ಲಿ ಬಹಳ ಜನರ ಮಕ್ಕಳು ಈಗ ಸ್ನೋಬೋರ್ಡ್ ಹಿಡಿದಿದ್ದಾರೆ. ವಾರಾಂತ್ಯಕ್ಕೆ ಅವರನ್ನು ಗುಡ್ಡಕ್ಕೆ ಬಿಟ್ಟು, ಕೆಳಗೆ ಕ್ಯಾಂಟೀನಿನಲ್ಲಿ ಬಿಸಿ ಚಾಕೊಲೇಟ್ ಹಿಡಿದು ಕಾಯುತ್ತೀರಿ. ಕಿಟಕಿಯಿಂದ ನೋಡಿದರೆ ದೂರದಲ್ಲಿ ಯಾರೋ ಗಾಳಿಯಲ್ಲಿ ತಿರುಗುತ್ತಾ ಇರುತ್ತಾರೆ. ಅದೇ ಟೆರೇನ್ ಪಾರ್ಕ್. ನಿಮ್ಮ ಮಗು ಇವತ್ತಲ್ಲ ನಾಳೆ ಅಲ್ಲಿಗೆ ಹೋಗೇ ಹೋಗುತ್ತದೆ. ಅದು ಹೇಗೆ ಕಟ್ಟಿದ ಜಾಗ, ಯಾರಿಗೆ ಅಂತ ಕಟ್ಟಿದ್ದು ಅನ್ನುವುದು ನಮಗೆ ಗೊತ್ತಿರಬೇಕು. ಅದಕ್ಕೇ ಈ ಮಾತು.

ಟೆರೇನ್ ಪಾರ್ಕ್ ಅಂದರೆ ಸ್ಕೀ ಇಳಿಜಾರಿನಲ್ಲೇ ಬೇರೆ ಮಾಡಿಟ್ಟ ಒಂದು ಭಾಗ. ಅಲ್ಲಿ ಹಿಮವನ್ನು ರಾಶಿ ಹಾಕಿ ಜಂಪ್ ಕಟ್ಟಿರುತ್ತಾರೆ. ಜಾರಿಕೊಂಡು ಹೋಗಲು ಕಬ್ಬಿಣದ ರೇಲ್, ಪ್ಲಾಸ್ಟಿಕ್ ಮೇಲ್ಮೈಯ ಬಾಕ್ಸ್ ನೆಟ್ಟಿರುತ್ತಾರೆ. ದೊಡ್ಡ ಕಡೆಗಳಲ್ಲಿ ಹಾಫ್ ಪೈಪ್ ಕೂಡ ಇರುತ್ತದೆ. ಅಂದರೆ ಉದ್ದಕ್ಕೆ ಅರ್ಧ ಸೀಳಿದ ಕೊಳವೆ ಆಕಾರದ ಕಣಿವೆ. ಸ್ವಿಟ್ಜರ್ಲೆಂಡಿನ ಲಾಕ್ಸ್‌ನಲ್ಲಿರುವ ಪೈಪ್‌ನ ಗೋಡೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ.

ಇದಕ್ಕೆ ದೊಡ್ಡ ಇತಿಹಾಸವೇನಿಲ್ಲ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಸ್ಕೀ ಗುಡ್ಡಗಳು ಸ್ನೋಬೋರ್ಡ್‌ನವರನ್ನು ಒಳಗೇ ಬಿಡುತ್ತಿರಲಿಲ್ಲ. 1990ರ ಸುಮಾರಿಗೆ ಬಿಟ್ಟರು, ಆದರೆ ಒಂದು ಮೂಲೆ ತೋರಿಸಿ ಇಲ್ಲೇ ಇರಿ ಅಂದರು. ಆ ಮೂಲೆಯೇ ಬೆಳೆದು ಪಾರ್ಕ್ ಆಯಿತು. ಕೊಲರಾಡೋದಲ್ಲಿ ಹೊಲದ ಯಂತ್ರ ರಿಪೇರಿ ಮಾಡುತ್ತಿದ್ದ ಡಗ್ ವಾ ಎಂಬಾತ ಹಾಫ್ ಪೈಪ್ ಕೆತ್ತುವ ಪೈಪ್ ಡ್ರ್ಯಾಗನ್ ಯಂತ್ರ ಮಾಡಿದ. ಅಲ್ಲಿಯವರೆಗೆ ಗೋಡೆಯನ್ನು ಸಲಿಕೆಯಲ್ಲೇ ತಿದ್ದುತ್ತಿದ್ದರು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ಗೆ ಹಾಫ್ ಪೈಪ್ ಬಂತು, 2014ರಲ್ಲಿ ಸೋಚಿಗೆ ಸ್ಲೋಪ್‌ಸ್ಟೈಲ್ ಬಂತು. ಸ್ಲೋಪ್‌ಸ್ಟೈಲ್ ಅಂದರೆ ಪಾರ್ಕನ್ನೇ ಸ್ಪರ್ಧೆ ಮಾಡಿದ್ದು. ಈಗ ಪಾರ್ಕ್ ಇಲ್ಲದ ಗುಡ್ಡ ಹುಡುಕುವುದೇ ಕಷ್ಟ.

ಹಿಮಕ್ಕೂ ನಮ್ಮ ಊರಿಗೂ ಎಲ್ಲಿಯ ನಂಟು ಅನ್ನಿಸಬಹುದು. ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದಾರೆ. ಅವರ ಆಟ ಬೇರೆ, ಪಾರ್ಕ್ ಬೇರೆ. ಆದರೂ ಕಾಫಿ ತೋಟದ ಕಡೆಯ ಹೆಣ್ಣುಮಗಳು ಹಿಮದ ಮೇಲೆ ಹೆಸರು ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನನಗೆ ಪಾರ್ಕ್ ನೋಡಿದಾಗ ನೆನಪಾಗುವುದು ನಮ್ಮೂರಿನ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು. ಈಜು ಬಾರದ ಮಗು ಎರಡನೇ ಮೆಟ್ಟಿಲಲ್ಲಿ ಕೂತು ಕಾಲು ಬಡಿಯುತ್ತದೆ. ಸ್ವಲ್ಪ ಧೈರ್ಯ ಬಂದವನು ಐದನೇ ಮೆಟ್ಟಿಲಿನಲ್ಲಿ ಎದೆಮಟ್ಟ ನೀರಲ್ಲಿ ನಿಲ್ಲುತ್ತಾನೆ. ಬಲ್ಲವನು ಮೇಲಿನ ಕಟ್ಟೆಯಿಂದ ಧುಮುಕುತ್ತಾನೆ. ನೀರು ಒಂದೇ. ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ಅವರವರ ಕೈಯಲ್ಲಿದೆ. ಮುಖ್ಯವಾಗಿ, ಮುಂದಿನ ಮೆಟ್ಟಿಲು ಒಂದೇ ಒಂದು ಗೇಣು ಕೆಳಗಿದೆ. ಬಾವಿಯಲ್ಲಿ ಹಾಗಿಲ್ಲ. ಬಾವಿಯಲ್ಲಿ ಒಂದೋ ಹೊರಗೆ, ಇಲ್ಲವೇ ಮುಳುಗುವಷ್ಟು ಆಳ.

ಎಷ್ಟೋ ಪಾರ್ಕ್‌ಗಳನ್ನು ಬಾವಿಯ ಹಾಗೆ ಕಟ್ಟಿರುತ್ತಾರೆ.

ನಾನು ಈ ಕೆಲಸಕ್ಕೆ ಬಂದಿದ್ದೇ ಅಂಥ ಒಂದು ಜಾಗದಿಂದ. ಗುಡ್ಡದ ಹೆಸರು ಬೇಡ. ಆಗ ನನ್ನ ಮಗಳಿಗೆ ಹನ್ನೊಂದು ವರ್ಷ. ಮಾರ್ಚ್ ತಿಂಗಳ ಒಂದು ಭಾನುವಾರ. ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಹಿಮ ನೆನೆದ ಅವಲಕ್ಕಿಯ ಹಾಗಾಗಿತ್ತು. ಜಂಪ್ ಪಕ್ಕ ಕಿತ್ತಳೆ ಬಣ್ಣದ ಬೋರ್ಡ್, ಅದರ ಮೇಲೆ ಎಸ್ ಅಂತ ಬರೆದಿತ್ತು. ಎಸ್ ಅಂದರೆ ಸ್ಮಾಲ್. ಬೆಳಗ್ಗೆಯಿಂದ ಅವಳು ಅದನ್ನು ನಾಲ್ಕು ಸಲ ಹಾರಿದ್ದಳು. ಐದನೇ ಸಲ ಅದೇ ಜಾಗದಿಂದ ಹೊರಟಳು, ಅದೇ ರೀತಿ ಬಂದಳು. ಆದರೆ ಒದ್ದೆ ಹಿಮ ಅವಳ ವೇಗ ತಿಂದುಬಿಟ್ಟಿತ್ತು. ಹಾರಿ ಇಳಿಜಾರು ಮುಟ್ಟಲೇ ಇಲ್ಲ, ನಡುವಿನ ಸಮತಟ್ಟಿನ ಮೇಲೆ ಬಿದ್ದಳು. ಕೈ ಊರಿದಳು. ಮಣಿಕಟ್ಟಿನ ಮೂಳೆ ಮುರಿಯಿತು.

ಮಾರನೆಯ ದಿನ ರಜೆ ಹಾಕಿ, ಟೇಪ್ ಹಿಡಿದು ಅಲ್ಲಿಗೆ ಹೋದೆ. ಸಿಟ್ಟು ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ತಿಳಿಯಬೇಕಿತ್ತು. ಹಾರುವ ಅಂಚಿನ ಕೋನ 24 ಡಿಗ್ರಿ. ನಡುವಿನ ಸಮತಟ್ಟು 6 ಮೀಟರ್ ಉದ್ದ. ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಆ 6 ಮೀಟರ್ ದಾಟಬೇಕಾದರೆ ಅಂಚಿನಲ್ಲಿ ಗಂಟೆಗೆ 32 ಕಿಲೋಮೀಟರ್ ವೇಗ ಇರಬೇಕು. 25 ಇದ್ದರೆ 4 ಮೀಟರ್ ಒಳಗೇ ಬೀಳಬೇಕು. ಹನ್ನೊಂದು ವರ್ಷದ, ಮೂವತ್ತೈದು ಕಿಲೋ ತೂಕದ ಹುಡುಗಿಗೆ ಒದ್ದೆ ಹಿಮದಲ್ಲಿ 32 ಎಲ್ಲಿಂದ ಬರಬೇಕು?

ಆ ಜಂಪ್ ಕಟ್ಟಿದವರು ಕೆಟ್ಟವರಲ್ಲ. ಅವರು ಪಕ್ಕದ ದೊಡ್ಡ ಜಂಪನ್ನು ನೋಡಿ, ಅದನ್ನೇ ಅಳತೆ ತಗ್ಗಿಸಿ ಇಲ್ಲಿ ಕಟ್ಟಿದ್ದರು. ದೊಡ್ಡವರ ಅಂಗಿ ಕತ್ತರಿಸಿ ಮಗುವಿಗೆ ಹೊಲಿದ ಹಾಗೆ. ಉದ್ದ ಸರಿಹೋಯಿತು, ಕೊರಳು ಸರಿಹೋಗಲಿಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಚಿಕ್ಕ ಜಂಪ್ ಅಂದರೆ ದೊಡ್ಡ ಜಂಪಿನ ಮರಿ ಅಲ್ಲ. ಅದು ಬೇರೆಯದೇ ಒಂದು ವಸ್ತು. ಅದನ್ನು ಕಟ್ಟಲು ಜಾಸ್ತಿ ತಿಳಿವಳಿಕೆ ಬೇಕು, ತಂಡದಲ್ಲಿ ಪಳಗಿದ ಕೈ ಯಾವುದೋ ಅದೇ ಬೇಕು.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಲೆಕ್ಕ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಜಂಪನ್ನು ಪಕ್ಕದಿಂದ ನೋಡೋಣ. ಮೊದಲು ಓಡಿ ಬರುವ ಹಾದಿ. ಆಮೇಲೆ ಮೇಲಕ್ಕೆ ಬಾಗಿದ ಏರು, ಅದರ ತುದಿಗೆ ಲಿಪ್ ಅನ್ನುತ್ತಾರೆ. ಅದರಾಚೆ ಸಮತಟ್ಟಾದ ಭಾಗ, ಅದು ಡೆಕ್. ಡೆಕ್ ಮುಗಿದು ಇಳಿಜಾರು ಶುರುವಾಗುವ ಅಂಚಿಗೆ ಇಂಗ್ಲಿಷಿನಲ್ಲಿ ನಕಲ್ ಅನ್ನುತ್ತಾರೆ. ನಕಲ್ ಅಂದರೆ ನಮ್ಮ ಗೆಣ್ಣು. ಮುಷ್ಟಿ ಹಿಡಿದು ನೋಡಿ. ಕೈಯ ಹಿಂಭಾಗ ಡೆಕ್, ಬೆರಳುಗಳು ಕೆಳಗಿಳಿಯುವ ಭಾಗ ಲ್ಯಾಂಡಿಂಗ್, ನಡುವೆ ಎದ್ದು ಕಾಣುವುದು ಗೆಣ್ಣು. ಹೆಸರು ಇಟ್ಟವರು ಚೆನ್ನಾಗಿ ಇಟ್ಟಿದ್ದಾರೆ ಅಲ್ವಾ?

ನೋಡುವವರ ಕಣ್ಣೆಲ್ಲ ಲಿಪ್ ಮೇಲೆ. ಎಷ್ಟು ಎತ್ತರ ಹಾರಿದ, ಎಷ್ಟು ಸುತ್ತು ತಿರುಗಿದ. ಕಟ್ಟುವವರ ಕಣ್ಣು ಲ್ಯಾಂಡಿಂಗ್ ಮೇಲಿರಬೇಕು. ಮೂಳೆ ಮುರಿಯುವುದು ಹಾರುವಾಗ ಅಲ್ಲ.

ಒಬ್ಬ ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ ಬರುತ್ತಾನೆ ಅಂದುಕೊಳ್ಳಿ. ಲಿಪ್‌ನ ಕೋನ 20 ಡಿಗ್ರಿ. ಅವನು ಸುಮಾರು 13 ಮೀಟರ್ ದೂರ ಹಾರಿ, ಲಿಪ್‌ಗಿಂತ 1.7 ಮೀಟರ್ ಕೆಳಗೆ ನೆಲ ಮುಟ್ಟುತ್ತಾನೆ. ಆ ನೆಲ ಸಮತಟ್ಟಾಗಿದ್ದರೆ ಅವನಿಗೆ ಆಗುವ ಹೊಡೆತ 2.5 ಮೀಟರ್ ಎತ್ತರದಿಂದ ನೇರ ಕೆಳಗೆ ಧುಮುಕಿದಷ್ಟು. ಅಂದರೆ ಕಿಟಕಿ ಮೇಲಿನ ಸಜ್ಜೆಗಿಂತ ಮೇಲಿಂದ ಸಿಮೆಂಟ್ ಅಂಗಳಕ್ಕೆ ಹಾರಿದ ಹಾಗೆ. ಅದೇ ಜಾಗದಲ್ಲಿ 26 ಡಿಗ್ರಿ ಇಳಿಜಾರು ಇದ್ದರೆ? ಹೊಡೆತ 10 ಸೆಂಟಿಮೀಟರ್‌ನಿಂದ ಇಳಿದಷ್ಟು. ಹೊಸ್ತಿಲು ದಾಟಿದ ಹಾಗೆ.

ಮನುಷ್ಯ ಅವನೇ, ವೇಗ ಅದೇ, ಹಾರಿದ ದೂರ ಅದೇ. ನೆಲದ ಓರೆ ಒಂದೇ ಬದಲಾಗಿದ್ದು. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ನಂಬದೆ ಎರಡು ಸಲ ಮಾಡಿದೆ.

ಗುಟ್ಟು ಏನೆಂದರೆ, ಹಾರಿದವನು ಕೆಳಗೆ ಬರುವಾಗ ಓರೆಯಾಗಿಯೇ ಬರುತ್ತಿರುತ್ತಾನೆ. ನೆಲವೂ ಅದೇ ಓರೆಯಲ್ಲಿ ಇದ್ದರೆ ಅವನು ಜಾರಿಕೊಂಡು ಸೇರಿಕೊಳ್ಳುತ್ತಾನೆ. ನೆಲ ಅಡ್ಡ ನಿಂತರೆ ಗುದ್ದಿಕೊಳ್ಳುತ್ತಾನೆ. ಹೊಡೆತವನ್ನು ಇಂತಿಷ್ಟು ಎತ್ತರದಿಂದ ಬಿದ್ದಷ್ಟು ಅಂತ ಹೇಳುವ ಅಳತೆಯನ್ನು ಸಮಾನ ಬೀಳು ಎತ್ತರ ಅಂತ ಕನ್ನಡದಲ್ಲಿ ಕರೆಯಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಮಾಂಟ್ ಹಬ್ಬರ್ಡ್, ಕೊಲರಾಡೋ ಸ್ಕೂಲ್ ಆಫ್ ಮೈನ್ಸ್‌ನ ಜೇಮ್ಸ್ ಮೆಕ್‌ನೀಲ್ ಅನ್ನುವ ಪ್ರೊಫೆಸರುಗಳು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಹಾರಿದವನು ಎಲ್ಲೇ ಇಳಿದರೂ ಹೊಡೆತ ಒಂದು ಮಿತಿ ಮೀರದ ಹಾಗೆ ಲ್ಯಾಂಡಿಂಗ್‌ನ ಆಕಾರ ಕೊಡಬಹುದು ಅಂತ ಅವರು ತೋರಿಸಿದ್ದಾರೆ.

ಸ್ಕೀ ಉದ್ಯಮದವರ ವಾದ ಬೇರೆ. ಹಿಮ ದಿನಕ್ಕೊಂದು ಥರ, ಸವಾರರು ಒಬ್ಬೊಬ್ಬರು ಒಂದೊಂದು ಥರ, ಇದನ್ನೆಲ್ಲ ಸೇತುವೆಯ ಹಾಗೆ ನಕ್ಷೆ ಹಾಕಿ ಕಟ್ಟಲು ಆಗುವುದಿಲ್ಲ ಅನ್ನುತ್ತಾರೆ. ಹಿಮ ದಿನಕ್ಕೊಂದು ಥರ ಅನ್ನುವುದು ನಿಜ. ಆದರೆ ಸೇತುವೆಯ ಮೇಲೆ ಹೋಗುವ ಲಾರಿಗಳೂ ಒಂದೇ ಥರ ಇರುವುದಿಲ್ಲ. ಅದಕ್ಕೇ ತಾನೇ ನಾವು ಬೇಕಾದ್ದಕ್ಕಿಂತ ಜಾಸ್ತಿ ಬಲ ಇಟ್ಟು ಕಟ್ಟುವುದು? ಏರುಪೇರು ಜಾಸ್ತಿ ಇದ್ದಷ್ಟೂ ಲೆಕ್ಕ ಬಿಡಬೇಕು ಅಂತಲ್ಲ, ಲೆಕ್ಕ ಜಾಸ್ತಿ ಮಾಡಬೇಕು. ಇಂಜಿನಿಯರ್ ಆಗಿ ನನ್ನ ಗಟ್ಟಿ ಅಭಿಪ್ರಾಯ ಇದು.

ಇದರ ಬೆಲೆ ಎಷ್ಟು ದೊಡ್ಡದು ಅಂತ ಒಂದು ಪ್ರಕರಣ ತೋರಿಸಿಕೊಟ್ಟಿತು. 2004ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಯುವಕ ಪಾರ್ಕ್‌ನ ಜಂಪ್ ಹಾರಿ, ಲ್ಯಾಂಡಿಂಗ್ ದಾಟಿ, ಆಚೆಯ ಸಮತಟ್ಟಿನಲ್ಲಿ ಬಿದ್ದ. ಕೈಕಾಲು ಸ್ವಾಧೀನ ಹೋಯಿತು. 2007ರಲ್ಲಿ ಜ್ಯೂರಿ ಅವನಿಗೆ 1.4 ಕೋಟಿ ಡಾಲರ್ ಕೊಡಿಸಿತು. ಅವನ ಪಾಲಿನ ತಪ್ಪನ್ನೂ ಲೆಕ್ಕ ಹಿಡಿದು ಕಳೆದ ಮೇಲೆ ಉಳಿದ ಮೊತ್ತ ಅದು. ಆಮೇಲೆ ಎಲ್ಲ ಕಡೆ ಜಂಪಿನ ಅಳತೆಯ ಮಾತು ಶುರುವಾಯಿತು.

ಈಗ ನನ್ನ ಮಗಳ ಜಂಪಿಗೆ ವಾಪಸ್ ಬರೋಣ. ಹಾರುವ ದೂರ ವೇಗದ ವರ್ಗದ ಮೇಲೆ ನಿಂತಿದೆ. ವೇಗ ಹತ್ತು ಪರ್ಸೆಂಟ್ ಜಾಸ್ತಿ ಆದರೆ ದೂರ ಇಪ್ಪತ್ತೊಂದು ಪರ್ಸೆಂಟ್ ಜಾಸ್ತಿ ಆಗುತ್ತದೆ. ಪಳಗಿದವನು ತನ್ನ ವೇಗವನ್ನು ಹಿಡಿತದಲ್ಲಿ ಇಟ್ಟುಕೊಂಡಿರುತ್ತಾನೆ. ಮೊದಲು ಒಂದು ಸಲ ಹಾರದೆ ಪಕ್ಕದಲ್ಲೇ ಇಳಿದು ವೇಗ ನೋಡಿಕೊಳ್ಳುತ್ತಾನೆ. ಮುಂದೆ ಹಾರಿದವನನ್ನು ಗಮನಿಸುತ್ತಾನೆ. ಹಿಮ ಒದ್ದೆಯಾದರೆ ಇನ್ನೂ ಮೇಲಿಂದ ಹೊರಡುತ್ತಾನೆ. ಹತ್ತು ಸಲ ಹಾರಿದರೆ ಹತ್ತೂ ಸಲ ಎರಡು ಮೀಟರ್ ಒಳಗೇ ಇಳಿಯುತ್ತಾನೆ. ಹೊಸಬನಿಗೆ ಇದು ಯಾವುದೂ ಗೊತ್ತಿಲ್ಲ. ಒಂದು ಸಲ ಹೆದರಿ ಬ್ರೇಕ್ ಹಾಕುತ್ತಾನೆ. ಇನ್ನೊಂದು ಸಲ ಗೆಳೆಯ ಕೂಗಿದ ಅಂತ ನೇರ ಬಿಡುತ್ತಾನೆ. ಅಂದರೆ ಅಳತೆಗೆ ಹೋಲಿಸಿದರೆ ಚಿಕ್ಕ ಜಂಪಿನಲ್ಲೇ ಇಳಿಯುವ ಜಾಗ ಜಾಸ್ತಿ ಚೆಲ್ಲಾಪಿಲ್ಲಿ. ತಪ್ಪಿಗೆ ಜಾಸ್ತಿ ಜಾಗ ಬೇಕಾಗಿರುವುದು ಅಲ್ಲೇ.

ಹಾಗಾದರೆ ಹೊಸಬರಿಗೆ ಹೇಗೆ ಕಟ್ಟಬೇಕು?

ಡೆಕ್ ಅನ್ನೇ ತೆಗೆದುಬಿಡಿ. ನಾವು ನಮ್ಮ ಗುಡ್ಡದಲ್ಲಿ ಹಾಗೇ ಮಾಡಿದ್ದೇವೆ. ಲಿಪ್ ಮೊಣಕಾಲೆತ್ತರ. ಅದರಾಚೆ ಸಮತಟ್ಟು ಇಲ್ಲ, ಆಮೆಯ ಬೆನ್ನಿನ ಹಾಗೆ ಗುಂಡಗೆ ಇಳಿಯುತ್ತಾ ಹೋಗುತ್ತದೆ. ಗೆಣ್ಣು ಅನ್ನುವುದೇ ಇಲ್ಲ. ನಿಧಾನ ಬಂದವನು ಲಿಪ್ ದಾಟಿ ಸುಮ್ನೆ ಉರುಳಿಕೊಂಡು ಹೋಗುತ್ತಾನೆ. ಸ್ವಲ್ಪ ವೇಗ ಬಂದವನು ಒಂದು ಮೀಟರ್ ಹಾರುತ್ತಾನೆ. ಜೋರಾಗಿ ಬಂದವನು ಮೂರು ಮೀಟರ್ ಹಾರಿ ಇನ್ನೂ ಇಳಿಜಾರಿನಲ್ಲೇ ಇರುತ್ತಾನೆ. ಮೂವರಿಗೂ ಒಂದೇ ಜಂಪ್. ಮೂವರೂ ನಗುತ್ತಾ ಕೆಳಗೆ ಬರುತ್ತಾರೆ.

ಲಿಪ್‌ನ ಕೊನೆಯ ಭಾಗ ನೇರವಾಗಿರಬೇಕು, ಬಾಗಿರಬಾರದು. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ತುದಿಯವರೆಗೂ ಬಾಗಿದ ಏರು ಸವಾರನ ಮೈಯನ್ನು ಹಿಂದಕ್ಕೆ ತಿರುಗಿಸಿಬಿಡುತ್ತದೆ. ಅವನು ಬೇಕಂತ ತಿರುಗಿದ್ದಲ್ಲ, ಜಂಪ್ ತಿರುಗಿಸಿದ್ದು. ಹಾಗೆ ಹೋದವನು ಬೆನ್ನಿನ ಮೇಲೆ, ಕುತ್ತಿಗೆಯ ಮೇಲೆ ಬೀಳುತ್ತಾನೆ. ಪಲ್ಟಿ ಹೊಡೆಯುವವರಿಗೆ ಆ ಬಾಗು ಬೇಕು. ಕಲಿಯುವ ಮಗುವಿಗೆ ಅದು ವೈರಿ. ಹಗಲಿಡೀ ಬೋರ್ಡ್‌ಗಳು ಉಜ್ಜಿ ಉಜ್ಜಿ ಲಿಪ್ ತಾನಾಗಿಯೇ ಆಕಾರ ಬದಲಿಸುತ್ತದೆ. ಈ ರೇಕ್‌ನ ಚಪ್ಪಟೆ ಅಂಚಿಗೆ ಕೆಲಸ ಅಲ್ಲೇ. ಮೊಣಕಾಲೂರಿ, ಕಣ್ಣು ಹಿಮದ ಮಟ್ಟಕ್ಕೆ ತಂದು, ತುದಿಯನ್ನು ನೋಡಿ ಸವರುತ್ತೇವೆ. ದೋಸೆ ಹೆಂಚಿನ ಮೇಲೆ ಹಿಟ್ಟು ಹರಡುವ ಕೈಗೆ ಇರುವ ಹದವೇ ಇಲ್ಲೂ ಬೇಕು.

ಜಂಪಿಗೂ ಮೊದಲು ರೋಲರ್ ಇರಬೇಕು. ಅಂದರೆ ಸಾಲಾಗಿ ಅಲೆಯಂಥ ದಿಬ್ಬಗಳು. ಏರುವಾಗ ಮಂಡಿ ಮಡಚಬೇಕು, ಇಳಿಯುವಾಗ ಚಾಚಬೇಕು. ಯಾರೂ ಹೇಳಿಕೊಡಬೇಕಾಗಿಲ್ಲ, ದಿಬ್ಬವೇ ಕಲಿಸುತ್ತದೆ. ಇಪ್ಪತ್ತು ಸಲ ಅದರ ಮೇಲೆ ಹೋದ ಮಗು ಜಂಪ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪಕ್ಕಕ್ಕೆ ಓರೆ ಕಟ್ಟಿದ ತಿರುವುಗಳೂ ಹಾಗೇ.

ಬಾಕ್ಸ್ ವಿಷಯದಲ್ಲಿ ಎರಡು ಮಾತು. ಹೊಸಬರ ಬಾಕ್ಸ್ ಒಂದು ಮೊಳಕ್ಕಿಂತ ಅಗಲ ಇರಬೇಕು. ಅದರ ಮುಂದಿನ ತುದಿ ಹಿಮಕ್ಕೆ ಸಮ ಇರಬೇಕು, ಹಾರಿ ಹತ್ತುವ ಹಾಗಿರಬಾರದು. ಪ್ಲಾಸ್ಟಿಕ್ ಮೇಲೆ ಬೋರ್ಡ್‌ನ ಅಂಚು ಕಚ್ಚುವುದಿಲ್ಲ. ಓರೆ ಮಾಡಿದರೆ ಸೋಪು ತುಳಿದ ಹಾಗೆ ಜಾರಿ ಬೀಳುತ್ತಾರೆ. ಚಪ್ಪಟೆಯಾಗಿ, ತಿರುಗಿಸದೆ, ಸುಮ್ನೆ ನಿಂತು ಹೋಗುವುದನ್ನು ಕಲಿಯಬೇಕು. ಆಮೇಲೆ ಕಿರಿದಾದ ಬಾಕ್ಸ್, ಆಮೇಲೆ ನೆಲದಿಂದ ಒಂದು ಗೇಣು ಎತ್ತರದ್ದು, ಆಮೇಲೆ ದುಂಡು ರೇಲ್. ಒಂದು ಸಲಕ್ಕೆ ಒಂದೇ ವಿಷಯ ಕಷ್ಟ ಆಗಬೇಕು. ಅಗಲವೂ ಕಡಿಮೆ, ಎತ್ತರವೂ ಜಾಸ್ತಿ ಅಂತ ಎರಡನ್ನೂ ಒಟ್ಟಿಗೆ ಮಾಡಿದರೆ ಅದು ಮೆಟ್ಟಿಲಲ್ಲ, ಗೋಡೆ.

ಮಧ್ಯಮದವರ ಪಾರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಡೆಕ್ ಬರುತ್ತದೆ, ಆದರೆ ಲ್ಯಾಂಡಿಂಗ್ ಬೇಕಾದ್ದಕ್ಕಿಂತ ಉದ್ದ ಇರಬೇಕು. ಪಳಗಿದವರ ಪಾರ್ಕ್ ಕಟ್ಟುವುದು ಇನ್ನೂ ಸುಲಭ. ಆಶ್ಚರ್ಯ ಆಗಬಹುದು. ಅಲ್ಲಿಗೆ ಬರುವವರು ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳುತ್ತಾರೆ. ಲಿಪ್ ಸರಿಯಿಲ್ಲ, ವೇಗ ಸಾಲದು, ಎರಡನೇ ರೇಲ್ ಅಡ್ಡ ಬಂದಿದೆ, ಎಲ್ಲ ಹೇಳುತ್ತಾರೆ. ಹೊಸಬನಿಗೆ ತಪ್ಪು ಜಂಪಿನದು ಅಂತ ಗೊತ್ತೇ ಆಗುವುದಿಲ್ಲ. ತನ್ನದೇ ತಪ್ಪು ಅಂದುಕೊಂಡು ಮನೆಗೆ ಹೋಗುತ್ತಾನೆ. ನನ್ನ ಮಗಳೂ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸಾರಿ ಅಪ್ಪಾ ಅಂದಳು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ಇನ್ನು ಇವುಗಳನ್ನೆಲ್ಲ ಗುಡ್ಡದ ಮೇಲೆ ಎಲ್ಲೆಲ್ಲಿ ಇಡಬೇಕು ಅನ್ನುವ ಪ್ರಶ್ನೆ. ಕೊಲರಾಡೋದ ಬ್ರೆಕೆನ್‌ರಿಡ್ಜ್‌ಗೆ ಹೋದವರು ಪೀಕ್ 8ರಲ್ಲಿ ನೋಡಿರಬಹುದು. ಹೊಸಬರಿಗೆ ಟ್ರಿಗ್ವೀಸ್, ಅದಕ್ಕಿಂತ ಮೇಲಿನವರಿಗೆ ಪಾರ್ಕ್ ಲೇನ್, ಒಲಿಂಪಿಕ್ಸ್ ಮಟ್ಟದವರೂ ಬಂದು ಅಭ್ಯಾಸ ಮಾಡುವಂಥದ್ದು ಫ್ರೀವೇ. ಮೂರೂ ಬೇರೆ ಬೇರೆ ಇಳಿಜಾರುಗಳು. ಇದು ಜಾಗ ಇರುವವರ ಅನುಕೂಲ. ನಮ್ಮಂಥ ಚಿಕ್ಕ ಗುಡ್ಡದಲ್ಲಿ ಒಂದೇ ಇಳಿಜಾರಿನಲ್ಲಿ ಎಲ್ಲರನ್ನೂ ಕೂರಿಸಬೇಕು. ಆಗ ಎರಡು ದಾರಿ ಇವೆ. ಒಂದು, ಚಿಕ್ಕದು ದೊಡ್ಡದು ಪಕ್ಕಪಕ್ಕ ಕಟ್ಟುವುದು. ಅಕ್ಕ ತಮ್ಮ ಒಟ್ಟಿಗೆ ಹೊರಟು ಅವರವರ ಜಂಪ್ ಹಾರಿ ಕೆಳಗೆ ಸೇರಬಹುದು. ನೋಡಲು ಚೆಂದ. ಆದರೆ ತಮ್ಮ ಕೊನೆ ಕ್ಷಣದಲ್ಲಿ ಅಕ್ಕನ ಜಂಪಿನ ಕಡೆ ತಿರುಗಿದರೆ ಡಿಕ್ಕಿ. ಇನ್ನೊಂದು, ಮೇಲಿನ ಭಾಗ ಒಬ್ಬರಿಗೆ, ಕೆಳಗಿನ ಭಾಗ ಇನ್ನೊಬ್ಬರಿಗೆ ಅಂತ ಹಂಚುವುದು. ನಾವು ಪಕ್ಕಪಕ್ಕವೇ ಕಟ್ಟಿ, ನಡುವೆ ಹತ್ತು ಹೆಜ್ಜೆ ಅಗಲದ ಖಾಲಿ ಪಟ್ಟಿ ಬಿಟ್ಟಿದ್ದೇವೆ. ಆ ಪಟ್ಟಿಯಲ್ಲಿ ಏನೂ ಇಲ್ಲ. ಬಿಟ್ಟರೆ ಜಾಗ ದಂಡ ಅಂತ ಮೊದಲು ಬಹಳ ಜನ ಹೇಳಿದರು.

ನನ್ನ ಪ್ರಕಾರ ಇಡೀ ಪಾರ್ಕ್‌ನಲ್ಲಿ ಬಹಳ ಮುಖ್ಯವಾದ ಜಾಗ ಆ ಖಾಲಿ ಪಟ್ಟಿಯೇ. ಪ್ರತಿ ಜಂಪಿನ ಪಕ್ಕ, ಕೊನೆ ಕ್ಷಣದಲ್ಲಿ ಬೇಡ ಅನ್ನಿಸಿದವನು ತಪ್ಪಿಸಿಕೊಂಡು ಹೋಗಲು ದಾರಿ ಇರಬೇಕು. ಹೆದರಿದವನನ್ನು ಹಾರಲೇಬೇಕು ಅಂತ ಒತ್ತಾಯಿಸುವ ಪಾರ್ಕ್ ಕೆಟ್ಟ ಪಾರ್ಕ್. ನೋಡಿದ್ದೇನೆ, ಒಬ್ಬ ಹುಡುಗ ಒಂದು ಸಂಜೆ ಹದಿನಾಲ್ಕು ಸಲ ಬಂದು ಹದಿನಾಲ್ಕು ಸಲವೂ ಪಕ್ಕಕ್ಕೆ ಹೋದ. ಹದಿನೈದನೇ ಸಲ ಹಾರಿದ. ಅವನಿಗೆ ಆ ಹದಿನಾಲ್ಕು ಸಲ ಬೇಕಿತ್ತು.

ಪ್ರವೇಶ ಒಂದೇ ಕಡೆ ಇರಬೇಕು, ಬೇಲಿ ಹಾಕಿರಬೇಕು. ಸುಮ್ನೆ ಇಳಿಯಲು ಬಂದ ಅಜ್ಜ ದಾರಿ ತಪ್ಪಿ ಜಂಪಿನ ಲ್ಯಾಂಡಿಂಗ್‌ಗೆ ಬರುವ ಹಾಗಿರಬಾರದು. ಮೇಲಿನಿಂದ ಹಾರುವವನಿಗೆ ಕೆಳಗೆ ಬಿದ್ದವನು ಕಾಣುವುದಿಲ್ಲ, ಇದು ನೆನಪಿಡಿ. ಬಾಗಿಲಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಯಾಕಾರದ ಗುರುತು ಇರುತ್ತದೆ. ಹತ್ತಿರದಲ್ಲೇ ಎಸ್, ಎಂ, ಎಲ್ ಅಂತ ಅಳತೆ ಇರುತ್ತದೆ. ಆ ಅಕ್ಷರಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಗುಡ್ಡದ ಎಂ ಇನ್ನೊಂದು ಗುಡ್ಡದಲ್ಲಿ ಎಲ್ ಆಗಿರಬಹುದು. ಅದು ಆ ಗುಡ್ಡದ ಒಳಗಿನ ಹೋಲಿಕೆ ಅಷ್ಟೇ.

ಚಿಕ್ಕ ಗುಡ್ಡ ಅಂತ ನಾವು ಕೀಳಾಗಿ ನೋಡುವ ಹಾಗಿಲ್ಲ. ಇಲ್ಲೇ ಬ್ಲೂಮಿಂಗ್ಟನ್‌ನ ಹೈಲ್ಯಾಂಡ್ ಹಿಲ್ಸ್ ನೋಡಿ. ಎತ್ತರ ಬರೀ 50 ಮೀಟರ್ ಸುಮಾರು. ಆದರೆ ಅಲ್ಲಿ ಹಗ್ಗದ ಲಿಫ್ಟ್ ಇದೆ. ಓಡುವ ಹಗ್ಗ ಹಿಡಿದರೆ ಸರ್ರನೆ ಮೇಲೆ. ಕುರ್ಚಿ ಲಿಫ್ಟ್‌ಗೆ ಸಾಲು ನಿಲ್ಲುವ ಹೊತ್ತಿನಲ್ಲಿ ಇಲ್ಲಿ ಐದಾರು ಸಲ ಇಳಿದಿರುತ್ತಾರೆ. ಕಲಿಯುವುದು ಅಂದರೆ ಮತ್ತೆ ಮತ್ತೆ ಮಾಡುವುದು ತಾನೇ? ರೆಡ್ ಜೆರಾರ್ಡ್ ಗೊತ್ತಿರಬಹುದು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೆ ಸ್ಲೋಪ್‌ಸ್ಟೈಲ್ ಚಿನ್ನ ಗೆದ್ದ ಹುಡುಗ. ಕೊಲರಾಡೋದಲ್ಲಿ ಅವನ ಮನೆಯ ಹಿತ್ತಿಲಲ್ಲೇ ಅಣ್ಣಂದಿರ ಜೊತೆ ಸೇರಿ ಕಟ್ಟಿಕೊಂಡ ಪುಟ್ಟ ಪಾರ್ಕ್ ಇತ್ತು, ಹಗ್ಗದ ಲಿಫ್ಟ್ ಸಮೇತ.

ರಾತ್ರಿ ನಾವು ಏನು ಮಾಡುತ್ತೇವೆ ಅಂತ ಸ್ವಲ್ಪ ಹೇಳಿ ಮುಗಿಸುತ್ತೇನೆ. ಒಂಬತ್ತಕ್ಕೆ ಗುಡ್ಡ ಮುಚ್ಚುತ್ತದೆ. ಕ್ಯಾಟ್ ಹೊರಡುತ್ತದೆ. ಕ್ಯಾಟ್ ಅಂದರೆ ಹಿಮ ತಳ್ಳುವ, ಉಳುವ ಯಂತ್ರ. ಮುಂದೆ ಬ್ಲೇಡ್, ಹಿಂದೆ ಟಿಲ್ಲರ್. ನಡೆಸುವವನು ಬ್ಲೇಡಿನ ಮೂಲೆಯಲ್ಲಿ ಒಂದು ಗೇಣಿನ ತಪ್ಪೂ ಆಗದ ಹಾಗೆ ರಾಶಿ ಹಾಕುತ್ತಾನೆ. ಅಂಥವನನ್ನು ಪಕ್ಕದಲ್ಲಿ ಕೂತು ನೋಡುವುದೇ ಒಂದು ಪಾಠ. ತಳ್ಳಿದ ಹಿಮ ತಕ್ಷಣ ಗಟ್ಟಿಯಾಗುವುದಿಲ್ಲ. ಕಾಂಕ್ರೀಟ್ ಹಾಗೆ ಕೂರಬೇಕು, ರಾತ್ರಿಯೆಲ್ಲ ಬಿಡಬೇಕು. ಬೆಳಗ್ಗೆ ಕ್ರೂನಲ್ಲಿ ಒಬ್ಬರು ಪ್ರತಿ ಜಂಪನ್ನೂ ತಾವೇ ಮೊದಲು ಹಾರಿ ನೋಡುತ್ತಾರೆ. ವೇಗ ಸರಿ ಇದ್ದರೆ ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗ ತೆಗೆಯುತ್ತೇವೆ. ರಾತ್ರಿ ಹೆಪ್ಪುಗಟ್ಟಿ ಗಾಜಿನಂತಾಗಿದ್ದರೆ ಬಿಸಿಲು ಬರುವವರೆಗೆ ಕಾಯುತ್ತೇವೆ. ಮಧ್ಯಾಹ್ನ ಹಿಮ ನೆನೆದರೆ ಮತ್ತೆ ನೋಡುತ್ತೇವೆ. ಬೇಕಾದರೆ ಮುಚ್ಚುತ್ತೇವೆ. ಮುಚ್ಚಿದಾಗ ಬೈಯುವವರು ಇದ್ದೇ ಇರುತ್ತಾರೆ. ಪರವಾಗಿಲ್ಲ.

ಮಾತಿನ ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಅದನ್ನೂ ಸೇರಿಸುತ್ತೇನೆ.

ಯಾವ ವಯಸ್ಸಿಗೆ ಪಾರ್ಕಿಗೆ ಕಳುಹಿಸಬಹುದು ಅಂತ ಒಬ್ಬ ತಾಯಿ ಕೇಳಿದರು. ವಯಸ್ಸು ಮುಖ್ಯ ಅಲ್ಲ. ಬೇಕಾದ ಜಾಗದಲ್ಲಿ ನಿಲ್ಲಲು ಬರುತ್ತದೆಯಾ, ಎರಡೂ ಕಡೆ ತಿರುಗಲು ಬರುತ್ತದೆಯಾ, ಅದನ್ನು ನೋಡಿ. ಬಂದರೆ ರೋಲರ್ ಮತ್ತು ಅಗಲ ಬಾಕ್ಸ್ ಅವತ್ತೇ ಶುರು ಮಾಡಬಹುದು. ಹೆಲ್ಮೆಟ್ ಇರಲೇಬೇಕು. ಸ್ನೋಬೋರ್ಡ್ ಕಲಿಯುವವರಿಗೆ ಮಣಿಕಟ್ಟಿನ ಕವಚ ಕೂಡ ಕೊಡಿಸಿ. ಬೀಳುವಾಗ ಕೈ ಊರುವುದು ಸಹಜ, ಮೊದಲು ಪೆಟ್ಟಾಗುವುದೂ ಅಲ್ಲೇ.

ಮಗಳು ಈಗ ಹೋಗುತ್ತಾಳಾ ಅಂತ ಇನ್ನೊಬ್ಬರು ಕೇಳಿದರು. ಒಂದು ಇಡೀ ವರ್ಷ ಹೋಗಲಿಲ್ಲ. ನಾನೂ ಕರೆಯಲಿಲ್ಲ. ಆಮೇಲೆ ನಮ್ಮ ಆಮೆ ಬೆನ್ನಿನ ಜಂಪ್ ಮೊದಲ ಸಲ ತೆರೆದ ದಿನ ತಾನಾಗಿಯೇ ಬಂದಳು. ಈಗ ಅವಳಿಗೆ ಹದಿನೇಳು. ಶನಿವಾರ ಬೆಳಗ್ಗೆ ಮೊದಲು ಹಾರಿ ನೋಡುವ ಕೆಲಸ ಅವಳದೇ.

ಕೊನೆಗೆ ಒಬ್ಬ ಹಿರಿಯರು, ನಾವು ಲೆಕ್ಕ ಗೊತ್ತಿಲ್ಲದವರು, ಪಾರ್ಕ್ ಒಳ್ಳೆಯದೋ ಕೆಟ್ಟದ್ದೋ ಹೇಗೆ ತಿಳಿಯುವುದು ಅಂದರು. ಬಹಳ ಒಳ್ಳೆಯ ಪ್ರಶ್ನೆ. ಕ್ಯಾಂಟೀನ್ ಬಿಟ್ಟು ಹೊರಗೆ ಬನ್ನಿ. ಬೇಲಿಯ ಹೊರಗೆ, ಎಲ್ಲಕ್ಕಿಂತ ಚಿಕ್ಕ ಜಂಪ್ ಪಕ್ಕದಿಂದ ಕಾಣುವ ಕಡೆ ಹತ್ತು ನಿಮಿಷ ನಿಲ್ಲಿ. ಹಾರುವವರನ್ನು ನೋಡಬೇಡಿ, ಹಿಮ ನೋಡಿ. ಬೋರ್ಡ್ ಇಳಿದ ಕಡೆ ಗುರುತು ಬಿದ್ದಿರುತ್ತದೆ. ಗುರುತೆಲ್ಲ ಇಳಿಜಾರಿನ ಮೇಲ್ಭಾಗದಿಂದ ನಡುವಿನವರೆಗೆ ಇದ್ದರೆ ಮಗುವನ್ನು ಬಿಡಿ. ಲಿಪ್ ಮತ್ತು ಗೆಣ್ಣಿನ ನಡುವೆ, ಆ ಸಮತಟ್ಟಿನ ಮೇಲೆ ಗುಳಿ ಬಿದ್ದಿದ್ದರೆ, ಅಥವಾ ಇಳಿಜಾರು ಮುಗಿದ ಮೇಲೆ ಗುಳಿ ಇದ್ದರೆ, ಬೇಡ ಅನ್ನಿ. ಅಲ್ಲೇ ಎಲ್ಲೋ ಕೈಯಲ್ಲಿ ರೇಕ್ ಹಿಡಿದ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಅವರನ್ನು ಕರೆದು ಆ ಗುಳಿ ತೋರಿಸಿ.